ಮೌಸ್ ಪುಟ್ಟಿಯದು

ಬಟ್ಟೆಯ ಮೇಲೆ ಚಾಕ್‌ಪೀಸಿನ ಗೆರೆ ಎಳೆಯುವಾಗ ಅಕ್ಕನ ಕೈ ಎಂದೂ ನಡುಗಿದ್ದಿಲ್ಲ. ಇವತ್ತೂ ನಡುಗಲಿಲ್ಲ. ಅದಕ್ಕೇ ಅವಳಿಗೆ ಸ್ವಲ್ಪ ಸಿಟ್ಟು ಬಂತು. ಒಳಗೆ ಇಷ್ಟೆಲ್ಲ ಕಸಿವಿಸಿ ನಡೆದಿರುವಾಗ ಕೈಗಾದರೂ ಮಾನ ಮರ್ಯಾದೆ ಬೇಡವೆ, ಏನೂ ಆಗೇ ಇಲ್ಲವೆಂಬಂತೆ ನೆಟ್ಟಗೆ ಹೋಗುತ್ತಿದೆಯಲ್ಲ ಎನಿಸಿತು. ಮೇಜಿನ ಉದ್ದಕ್ಕೂ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಿಟಕಿಗಳಿಗೆಂದು ಆರಿಸಿದ ಹಸಿರು ಎಲೆಗಳ ಬಟ್ಟೆ ಹಾಸಿತ್ತು. ಅಂಗಡಿಯ ಇನ್ನೊಂದು ತುದಿಯಲ್ಲಿ ತಂಗಿ ಪುಟ್ಟಿ ಬೆನ್ನು ತಿರುಗಿಸಿ ಹೊಲಿಗೆ ಯಂತ್ರದ ಮುಂದೆ ಕೂತು, ನಿನ್ನೆ ಅಕ್ಕ ಕತ್ತರಿಸಿಟ್ಟಿದ್ದ ಪರದೆಗೆ ನೆರಿಗೆ ಹಿಡಿಯುತ್ತಿದ್ದಳು. ನಲವತ್ತು ದಾಟಿ, ಓದುವುದಕ್ಕೆ ಕನ್ನಡಕ ಬಂದು, ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಹೆಂಗಸನ್ನು ಇನ್ನೂ ಪುಟ್ಟಿ ಎನ್ನುವುದು ಅಕ್ಕನಿಗೆ ಒಂದು ದಿನವೂ ವಿಚಿತ್ರವೆನಿಸಿರಲಿಲ್ಲ. ಇವತ್ತು ಮಾತ್ರ ಆ ಬೆನ್ನನ್ನು ನೋಡಿದಾಗಲೆಲ್ಲ, ಪಾಪ ಪುಟ್ಟಿ, ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಮಧ್ಯಾಹ್ನ ಕಾಲೇಜಿಗೆ ಹೋಗಬೇಕು. ಪುಟ್ಟಿಗೆ ಹೇಳದೆ ಹೋಗಬೇಕು. ಹೋಗಿ, ಪುಟ್ಟಿಯನ್ನು ಬಿಟ್ಟು ತಾನೊಬ್ಬಳೇ ಪ್ರೋಗ್ರಾಮಿಂಗ್ ಕೋರ್ಸಿಗೆ ಹೆಸರು ಬರೆಸಬೇಕು. ಇಷ್ಟು ಸಣ್ಣ ಕೆಲಸಕ್ಕೆ ಕಳ್ಳತನಕ್ಕೆ ಹೊರಟವಳ ಹಾಗೆ ಎದೆ ಹೊಡೆದುಕೊಳ್ಳುತ್ತಿದೆಯಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

"ಅಕ್ಕಾ, ಕಾಲೇಜಲ್ಲಿ ಹೆಸರು ಬರೆಸೋಕೆ ಇವತ್ತೇ ಕಡೇ ದಿನ ಅಲ್ವಾ?" ಪುಟ್ಟಿ ತಿರುಗದೆಯೇ ಕೇಳಿದಳು. ಯಂತ್ರ ಒಂದು ಗಳಿಗೆ ನಿಂತಿತ್ತು.

"ಇರ್ಬೇಕು. ನೋಡೋಣ."

"ನೋಡೋದೇನು, ನೀನು ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ನಾನಿದ್ದೀನಲ್ಲ."

ಯಂತ್ರ ಮತ್ತೆ ಶುರುವಾಯಿತು. ಇವಳಿದ್ದಾಳಂತೆ! ಅಕ್ಕನಿಗೆ ನಗು ಬಂತು. ಒಂದು ವಾಕ್ಯ ಟೈಪು ಮಾಡಬೇಕಾದರೆ ಕೀಬೋರ್ಡಿನ ಮೇಲೆ ಕಳೆದುಹೋದ ಗುಂಡಿ ಹುಡುಕುವವಳ ಹಾಗೆ ಬಗ್ಗಿ ಬಗ್ಗಿ ನೋಡುವವಳು, ನಾನಿದ್ದೀನಲ್ಲ ಎನ್ನುತ್ತಾಳೆ. ಈ ಧೈರ್ಯವೆಲ್ಲ ಅಕ್ಕ ಪಕ್ಕದಲ್ಲಿ ಕೂತಿರುತ್ತಾಳೆ ಎಂಬ ನಂಬಿಕೆಯಿಂದ ಬಂದದ್ದು. ಆ ನಂಬಿಕೆಯ ಕೆಳಗಿನ ಕುರ್ಚಿಯನ್ನು ಇವತ್ತು ಎಳೆಯಲು ಹೊರಟಿದ್ದೇನೆ ಎಂದುಕೊಂಡು ಅಕ್ಕ ಕತ್ತರಿ ಎತ್ತಿಕೊಂಡಳು. ಉದ್ದನೆಯ, ಕಪ್ಪು ಹಿಡಿಯ ಕತ್ತರಿ. ಅಮ್ಮ ತೀರಿಕೊಂಡ ಮೇಲೆ ಅದು ಅಕ್ಕನ ಕೈಗೆ ಬಂದಿತ್ತು, ಯಂತ್ರ ಪುಟ್ಟಿಯ ಕಾಲಿಗೆ ಹೋಗಿತ್ತು. ಯಾರೂ ಕೂತು ಪಾಲು ಮಾಡಿರಲಿಲ್ಲ. ಹುಡುಗಿಯಾಗಿದ್ದಾಗ ಪುಟ್ಟಿ ಒಮ್ಮೆ ಕತ್ತರಿ ಹಿಡಿದದ್ದುಂಟು. ದೊಡ್ಡ ದೊಡ್ಡ ಹೂವಿನ ಬಟ್ಟೆ. ಅಷ್ಟನ್ನೂ ತಲೆಕೆಳಗಾಗಿ ಕತ್ತರಿಸಿದ್ದಳು, ಪರದೆ ತೂಗುಹಾಕಿದ ಮೇಲೆ ಗಿರಾಕಿಯ ಕೋಣೆಯಲ್ಲಿ ಹೂವುಗಳೆಲ್ಲ ತಲೆ ಕೆಳಗೆ ಮಾಡಿ ನೇತಾಡಿದ್ದವು. ಅಂದಿನಿಂದ ಕತ್ತರಿಸುವ ಕೆಲಸ ಅಕ್ಕನದು, ಹೊಲಿಯುವುದು ಪುಟ್ಟಿಯದು. ಬಟ್ಟೆಗೆ ಕತ್ತರಿ ಒಮ್ಮೆ ಬಾಯಿ ಹಾಕಿದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. ಈ ಒಂದು ಮಾತನ್ನು ಅಕ್ಕ ತನಗೇ ತಾನು ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ, ಅಳತೆ ತೆಗೆದ ಮೇಲೆ ಮತ್ತೆ ತೆಗೆಯುವುದು, ಗೆರೆ ಎಳೆದ ಮೇಲೆ ಮತ್ತೆ ಟೇಪು ಹಿಡಿಯುವುದು ಉಸಿರಾಡುವಷ್ಟೇ ಅಭ್ಯಾಸವಾಗಿಬಿಟ್ಟಿತ್ತು. ಇದುವರೆಗೆ ಒಂದು ಗೇಣು ಬಟ್ಟೆಯನ್ನೂ ಹಾಳು ಮಾಡಿದವಳಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಆ ಹೆಮ್ಮೆಯ ಒಳಗೆ ಹೆದರಿಕೆಯೂ ಇತ್ತೆಂಬುದು ಮಾತ್ರ ಈಚೆಗೆ, ಕಾಲೇಜಿನ ಕೋಣೆಯಲ್ಲಿ ಕೂತು ತಪ್ಪಿನ ಮೇಲೆ ತಪ್ಪು ಮಾಡಿದ ಒಂದು ಸಂಜೆ, ಗೊತ್ತಾಗಿತ್ತು.

ಸಮುದಾಯ ಕಾಲೇಜಿನ ಮೊದಲ ಕಂಪ್ಯೂಟರ್ ಕೋರ್ಸಿಗೆ ಇಬ್ಬರೂ ಒಟ್ಟಿಗೇ ಸೇರಿದ್ದರು. ಗಿರಾಕಿಗಳು ಬಾಗಿಲಿಗೆ ಬರುವುದನ್ನು ಬಿಟ್ಟು ಕಿಟಕಿಯ ಫೋಟೊ, ಅಳತೆ ಎಲ್ಲ ಮೇಲ್‌ನಲ್ಲಿ ಕಳಿಸಲು ಶುರುಮಾಡಿದ ಮೇಲೆ ಕಲಿಯದೆ ಗತಿಯಿರಲಿಲ್ಲ. ಮೊದಲ ದಿನ ಕೋಣೆ ತುಂಬಿತ್ತು, ಒಂದು ಕಂಪ್ಯೂಟರ್ ಕೆಟ್ಟಿತ್ತು. "ಯಾರಾದ್ರೂ ಇಬ್ಬರು ಒಂದರಲ್ಲೇ ಕೂತ್ಕೋತೀರಾ?" ಎಂದು ಟೀಚರು ಕೇಳಿದರು, ಕೇಳಿ ಮುಗಿಸುವಷ್ಟರಲ್ಲಿ ಅಕ್ಕ ತಂಗಿ ಇಬ್ಬರ ಕೈಯೂ ಮೇಲಿತ್ತು. ಎಡಗಡೆಯ ಕುರ್ಚಿಯಲ್ಲಿ ಅಕ್ಕ ಕೂತಳು, ಕೀಬೋರ್ಡು ಅವಳ ಮುಂದಕ್ಕೆ ಬಂತು. ಬಲಗಡೆ ಪುಟ್ಟಿ ಕೂತಳು, ಮೌಸ್ ಅವಳ ಅಂಗೈ ಕೆಳಗೆ ಸೇರಿತು. ಸೂಜಿಯ ಕೆಳಗೆ ಬಟ್ಟೆಯನ್ನು ಮೆಲ್ಲಗೆ ನೂಕಿ ನೂಕಿ ಪಳಗಿದ ಕೈ ಅದು. ಕಂಪ್ಯೂಟರಿನ ತೆರೆಯ ಮೇಲಿನ ಬಾಣದ ಗುರುತು ಅವಳು ಹೇಳಿದಲ್ಲಿಗೆ ಹೋಗಿ, ಹೇಳಿದಲ್ಲಿ ನಿಂತು, ಒತ್ತೆಂದರೆ ಒತ್ತುತ್ತಿತ್ತು. ಅಕ್ಕ ಅಳತೆ ತೆಗೆಯುವ ಕ್ರಮದಲ್ಲೇ ಅಕ್ಷರ ಅಕ್ಷರ ನೋಡಿ, ಒಂದೂ ತಪ್ಪಿಲ್ಲದೆ ಟೈಪು ಮಾಡುತ್ತಿದ್ದಳು. "ಪುಟ್ಟಿ, ಮೇಲೆ ಹೋಗು." "ಹೋದೆ." "ಒತ್ತು." "ಒತ್ತಿದೆ, ನೀನು ಬರಿ." ಮುಂದಿನ ವಾರ ಕೆಟ್ಟ ಕಂಪ್ಯೂಟರ್ ರಿಪೇರಿಯಾಗಿ ಬಂದಾಗ ಒಬ್ಬರು ಅಲ್ಲಿಗೆ ಹೋಗಿ ಎಂದರು ಟೀಚರು. "ಬೇಡ ಟೀಚರ್, ನಮಗೆ ಹೀಗೇ ಅಭ್ಯಾಸ ಆಗಿಬಿಟ್ಟಿದೆ," ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು. ಕೋರ್ಸು ಮುಗಿಯುವವರೆಗೂ ಹಾಗೇ ನಡೆಯಿತು. ಕಡೆಯ ದಿನ ಟೀಚರು ಪ್ರಮಾಣಪತ್ರ ಕೊಡುತ್ತಾ, "ನೀವಿಬ್ಬರೂ ಸೇರಿ ಒಬ್ಬರೇ ತುಂಬಾ ಚೆನ್ನಾಗಿ ಕಲಿತಿದ್ದೀರಿ," ಎಂದರು. ಕೋಣೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು, ಹೊಗಳಿಕೆ ಎಂದೇ ತಿಳಿದು ಎದೆಯುಬ್ಬಿಸಿ ಪ್ರಮಾಣಪತ್ರ ಇಸಿದುಕೊಂಡಳು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಆ ಮಾತು ಒಳಗೆ ಚುಚ್ಚಿತು. ಪಕ್ಕದಲ್ಲಿ ಪುಟ್ಟಿ ಇನ್ನೂ ನಗುತ್ತಲೇ ಇದ್ದಳು, ಅವಳಿಗೆ ಚುಚ್ಚಿದ ಹಾಗೆ ಕಾಣಲಿಲ್ಲ.

ಗೋಡೆಗಡಿಯಾರದಲ್ಲಿ ಊಟದ ಹೊತ್ತಾಯಿತು. ಅಕ್ಕ ಅರ್ಧ ಗುರುತು ಮಾಡಿದ ಬಟ್ಟೆಯನ್ನು ಹಾಗೇ ಬಿಟ್ಟು, ಕತ್ತರಿಯನ್ನು ಅದರ ಜಾಗದಲ್ಲಿಟ್ಟು, ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ?"

"ಚಾಕ್ ಮುಗಿದಿದೆ. ತಂದುಬಿಡ್ತೀನಿ."

ಬಾಯಿಂದ ಬಂದ ಮೇಲೆ ಅವಳ ಕಣ್ಣು ಮೇಜಿನ ಮೂಲೆಗೆ ಹೋಯಿತು. ಅಲ್ಲಿ ಚಾಕಿನ ಡಬ್ಬಿ ತುಂಬಿ ಮುಚ್ಚಳ ಕೂರದೆ ಬಾಯಿ ತೆರೆದುಕೊಂಡಿತ್ತು. ಪುಟ್ಟಿ ಕನ್ನಡಕದ ಮೇಲಿನಿಂದ ಡಬ್ಬಿಯನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. "ಬೇಗ ಬಾ," ಎಂದಳು ಅಷ್ಟೇ.

ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಔಷಧಿ ಅಂಗಡಿ, ಚಪ್ಪಲಿ ರಿಪೇರಿಯವನ ಗೂಡು, ಬೀಗ ಹಾಕಿದ ಬ್ಯಾಂಕು. ಬ್ಯಾಂಕಿನ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು. ಬೆನ್ನು ನೆಟ್ಟಗಿದೆ, ನಡಿಗೆಯಲ್ಲಿ ಅವಸರವಿಲ್ಲ. ಅಪರಾಧಿಯಂತೇನೂ ಕಾಣುತ್ತಿಲ್ಲ. ಅಪರಾಧವಾದರೂ ಏನು? ರಾತ್ರಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ವಿಷಯ ತೆಗೆದಿದ್ದಳು. ಲಿಫ್ಟ್ ರಿಪೇರಿಯ ಮನುಷ್ಯ, ಎಲ್ಲವನ್ನೂ ಮೇಲೆ ಅಥವಾ ಕೆಳಗೆ ಎಂದೇ ಯೋಚಿಸುವವನು. "ಯಾವ್ದು ಬೇಕೋ ಅದಕ್ಕೆ ಸೇರ್ಕೋ. ಇದರಲ್ಲಿ ಏನಿದೆ?" ಎಂದು ತಟ್ಟೆಗೆ ಬಡಿಸಿಕೊಂಡಿದ್ದ. ಇದರಲ್ಲಿ ಏನಿದೆ ಎಂದು ಅವನಿಗೆ ಹೇಳುವುದು ಹೇಗೆ? ಪುಟ್ಟಿಗೆ ಬೇಕಾದದ್ದು ಚಿತ್ರ ಮತ್ತು ವಿನ್ಯಾಸದ ಕೋರ್ಸು. ಬಟ್ಟೆಯ ಮೇಲೆ ತಾನೇ ಬಿಡಿಸಿದ ಹೂವು ಅಚ್ಚಾಗಿ ಬರಬೇಕೆಂಬ ಆಸೆ ಅವಳದು. ಮೌಸ್ ಇದ್ದರೆ ಸಾಕು, ಅವಳು ಗೆದ್ದಳು. ಆದರೆ ಫೈಲಿಗೆ ಹೆಸರಿಡಬೇಕು, ಟೀಚರಿಗೆ ಉತ್ತರ ಬರೆದು ಕಳಿಸಬೇಕು, ಅಲ್ಲಿ ಯಾರು ಅವಳ ಜೊತೆ ಇರುತ್ತಾರೆ? ಎರಡನೆಯ ಹಂತದಲ್ಲಿ ಒಬ್ಬರಿಗೆ ಒಂದೇ ಕಂಪ್ಯೂಟರ್, ಹಂಚಿಕೊಳ್ಳುವ ಹಾಗಿಲ್ಲ ಎಂದು ಟೀಚರು ಅಕ್ಕ ತಂಗಿಯರ ಮುಖ ನೋಡಿಯೇ ಹೇಳಿದ್ದರು. ಪಕ್ಕದ ಕುರ್ಚಿಯಲ್ಲಾದರೂ ಅಕ್ಕ ಇದ್ದರೆ ಪಿಸುಗುಟ್ಟಬಹುದು. ಬೇರೆ ಕೋಣೆಯಲ್ಲಿದ್ದರೆ? ಪುಟ್ಟಿ ಕನ್ನಡಕ ಸರಿ ಮಾಡಿಕೊಂಡು, ಬೆರಳೆತ್ತಿ, ಯಾವ ಅಕ್ಷರ ಎಲ್ಲಿದೆ ಎಂದು ತಿಳಿಯದೆ, ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆನ್ನುವುದನ್ನು ಕೇಳಿಸಿಕೊಂಡು ಕೂತಿರುವ ಚಿತ್ರ ಅಕ್ಕನ ಕಣ್ಣ ಮುಂದೆ ಬಂತು. ಪಾಪ ಪುಟ್ಟಿ. ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಅಕ್ಕ ದಾಟದೆ ನಿಂತಿದ್ದಳು. ಹಿಂದಿನವರು ಅವಳನ್ನು ಬಳಸಿಕೊಂಡು ಹೋದರು.

ಆದರೆ ಆ ಒಂದು ಸಂಜೆ. ಮೊದಲ ಕೋರ್ಸು ಮುಗಿಯುವ ಮುನ್ನ, ಮುಂದೆ ಏನೇನು ಕಲಿಯಬಹುದೆಂದು ಟೀಚರು ಚೂರು ಚೂರು ರುಚಿ ತೋರಿಸಿದ್ದರು. ಪ್ರೋಗ್ರಾಮೆಂದರೆ ಕಂಪ್ಯೂಟರಿಗೆ ಸಾಲು ಸಾಲಾಗಿ ಕೊಡುವ ಆಜ್ಞೆ, ನಿಮ್ಮ ನಿಮ್ಮ ಕೆಲಸದಿಂದಲೇ ಒಂದು ಲೆಕ್ಕ ತಗೊಳ್ಳಿ ಎಂದಿದ್ದರು. ಅಕ್ಕ ಪರದೆಯನ್ನೇ ತೆಗೆದುಕೊಂಡಳು. ಕಿಟಕಿಯ ಅಗಲ ಕೇಳು. ನೆರಿಗೆಗೆಂದು ಅದನ್ನು ಎರಡರಷ್ಟು ಮಾಡು. ಎರಡೂ ಬದಿಯ ಅಂಚಿಗೆ ಇಷ್ಟು ಸೇರಿಸು. ಉದ್ದ ಕೇಳು, ಮೇಲಿನ ಮಡಿಕೆಗೆ ಇಷ್ಟು, ಕೆಳಗಿನ ಮಡಿಕೆಗೆ ಇಷ್ಟು. ಇಷ್ಟು ವರ್ಷ ತಲೆಯೊಳಗೆ ಮಾತಿಲ್ಲದೆ ನಡೆದುಹೋಗುತ್ತಿದ್ದದ್ದನ್ನು ಒಂದೊಂದೇ ಸಾಲಾಗಿ ಹೊರಗೆ ಇಟ್ಟಾಗ, ಅದು ಇಷ್ಟೊಂದಿತ್ತೇ ಎಂದು ಅವಳಿಗೇ ಬೆರಗಾಯಿತು. ಓಡಿಸಿದಳು. ತಪ್ಪಿದೆ ಎಂದಿತು ಕಂಪ್ಯೂಟರ್, ಕೆಂಪು ಅಕ್ಷರದಲ್ಲಿ. ಅವಳ ಎದೆ ಧಸಕ್ಕೆಂದಿತು. ಬಟ್ಟೆ ಹೋಯಿತು ಎಂದೇ ಮೊದಲು ಅನಿಸಿತು. ಬಟ್ಟೆ ಎಲ್ಲಿತ್ತು? ತಿದ್ದಿದಳು. ಮತ್ತೆ ತಪ್ಪು. ತಿದ್ದಿದಳು. ಯಾವ ಥಾನೂ ಹಾಳಾಗಲಿಲ್ಲ, ಯಾವ ಗಿರಾಕಿಯೂ ಮುಖ ಸಿಂಡರಿಸಲಿಲ್ಲ. ಆಮೇಲೆ ಬೇಕೆಂದೇ ಒಂದು ತಪ್ಪು ಮಾಡಿದಳು, ಕಿಟಕಿಗೆ ಬೆಟ್ಟದಷ್ಟು ಅಗಲ ಕೊಟ್ಟಳು, ಅದು ಬೇಸರವಿಲ್ಲದೆ ಬೆಟ್ಟಕ್ಕೆ ಎಷ್ಟು ಬಟ್ಟೆ ಬೇಕೆಂದು ಹೇಳಿತು. ಅಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. ಪಕ್ಕದಲ್ಲಿ ಪುಟ್ಟಿ ಆಕಳಿಸುತ್ತಾ, "ಇದರಲ್ಲಿ ನಂಗೇನೂ ಕೆಲಸ ಇಲ್ವಲ್ಲೇ," ಎಂದಿದ್ದಳು. ಹೌದು, ಇರಲಿಲ್ಲ. ಅಂದು ಅಕ್ಕನಿಗೆ ಆದ ಸಂತೋಷದಲ್ಲಿ ಪುಟ್ಟಿಯ ಪಾಲು ಎಳ್ಳಷ್ಟೂ ಇರಲಿಲ್ಲ. ಅದೇ ಈಗ ಕಾಲಿಗೆ ತೊಡರುತ್ತಿತ್ತು. ಆದರೂ ಅದು ಬೇಕು, ಬೇಕೇ ಬೇಕು ಎಂಬುದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಮತ್ತೆ ಹಸಿರು ಬಂತು. ಅಕ್ಕ ರಸ್ತೆ ದಾಟಿದಳು.

ಕಾಲೇಜಿನ ಮೆಟ್ಟಿಲ ಹತ್ತಿರ ಕಾಲು ಮತ್ತೆ ನಿಧಾನವಾಯಿತು. ಇನ್ನೊಂದು ವಿಷಯವಿತ್ತು, ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಪುಟ್ಟಿಗೆ ಜ್ವರ ಬಂದು ಮಲಗಿದ್ದ ದಿನ ಅಕ್ಕ ಒಬ್ಬಳೇ ಕ್ಲಾಸಿಗೆ ಬಂದಿದ್ದಳು. ಕೂತಳು, ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು, ಫೈಲು ತೆರೆಯಿರಿ ಎಂದರು ಟೀಚರು. ತೆರೆಯುವುದು ಪುಟ್ಟಿಯ ಕೆಲಸವಾಗಿತ್ತು. ಬಲಗಡೆಯ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ ಮೌಸ್ ಹಿಡಿದಳು. ಬಾಣ ಎಲ್ಲಿಗೋ ಓಡಿತು. ಅದನ್ನು ಅಟ್ಟಿಸಿಕೊಂಡು ಹೋದರೆ ಮೌಸು ಮೇಜಿನ ಅಂಚಿಗೆ ಬಂತು, ಅಂಚು ಮುಗಿದ ಮೇಲೆ ಏನು ಮಾಡಬೇಕೆಂದು ತೋಚದೆ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಕೂತಳು. ಎಲ್ಲರೂ ಮುಂದಿನ ಪಾಠಕ್ಕೆ ಹೋಗಿದ್ದರು. ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ವಾಚ್‌ಮನ್ ಅಜ್ಜ, ಬಾಯಿತುಂಬ ಮಾತಿನ ಮುದುಕ, "ಇಲ್ಲಿ ಕೊಡಮ್ಮ," ಎಂದು ಅವಳ ಕೈಯಿಂದ ಮೌಸನ್ನು ತೆಗೆದುಕೊಂಡು, ಮಗುವಿಗೆ ಬಾಳೆಹಣ್ಣು ಸುಲಿದು ಕೊಡುವ ಹಾಗೆ ಫೈಲು ತೆರೆದು ಕೊಟ್ಟಿದ್ದ. ಕಿವಿ ಬಿಸಿಯಾಗಿ, ಮಿಕ್ಕ ಹೊತ್ತೆಲ್ಲ ಅವಳು ಅಜ್ಜ ತೆರೆದುಕೊಟ್ಟ ಆ ಒಂದು ಫೈಲನ್ನೇ ನೋಡುತ್ತಾ ಕೂತಿದ್ದಳು. ಮನೆಗೆ ಹೋಗಿ, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿದ್ದ ಪುಟ್ಟಿಗೆ, "ಇವತ್ತು ಕ್ಲಾಸೇ ಇರ್ಲಿಲ್ಲ ಕಣೇ, ವಾಪಸ್ ಬಂದೆ," ಎಂದು ಹೇಳಿದ್ದಳು. ಎಂದೂ ಸುಳ್ಳು ಹೇಳದವಳು ಅಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಆಮೇಲೆ ತುಂಬ ದಿನ ಅನಿಸಿತ್ತು. ಪ್ರೋಗ್ರಾಮಿಂಗಿನಲ್ಲಿ ಮೌಸಿನ ಕೆಲಸ ಕಡಿಮೆ, ಬರಿ ಕೀಬೋರ್ಡು. ಅದಕ್ಕೇ ತನಗೆ ಅದು ಇಷ್ಟವೋ ಏನೋ ಎಂಬ ಪ್ರಶ್ನೆ ಮೆಟ್ಟಿಲ ಮೇಲೆ ಎದುರಾಯಿತು. ಇಲ್ಲ, ಎಂದು ತನಗೆ ತಾನೇ ಗದರಿಸಿಕೊಂಡು ಒಳಗೆ ಹೋದಳು.

ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆಗೆ ಭಾರಿ ನೆಗಡಿ. ಮೂಗಿನ ತುದಿ ಕೆಂಪಾಗಿತ್ತು, ಕೈಯಲ್ಲಿ ಕರವಸ್ತ್ರದ ಉಂಡೆ. ಅಕ್ಕ ಹೆಸರು ಹೇಳಿದಳು, ಪ್ರೋಗ್ರಾಮಿಂಗ್ ಮೊದಲ ಹಂತಕ್ಕೆ ಸೇರಬೇಕು ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು.

ಗುಮಾಸ್ತೆ ತೆರೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ನೀವಾಗ್ಲೇ ಸೇರಿದ್ದೀರಲ್ಲ. ಚಿತ್ರ ಮತ್ತು ವಿನ್ಯಾಸ."

"ನಾನು? ಇಲ್ಲ, ಬೇರೆ ಯಾರೋ ಇರ್ಬೇಕು."

"ನೀವೇ. ನಿನ್ನೆ ನಿಮ್ಮ ತಂಗಿ ಬಂದಿದ್ರು. ಕನ್ನಡಕದವರು." ಆಕೆ ಸೀನಿದಳು. "ಇಬ್ಬರ ಹೆಸರನ್ನೂ ಅವರೇ ಟೈಪ್ ಮಾಡಿದ್ರು. ಅಯ್ಯೋ, ಎಷ್ಟು ನಿಧಾನ! ಹಿಂದೆ ಸಾಲು ಬಾಗಿಲವರೆಗೂ ನಿಂತಿತ್ತು. ನಾನೇ ಮಾಡಿಕೊಡ್ತೀನಿ ಅಂದ್ರೂ ಬಿಡ್ಲಿಲ್ಲ. ಆದ್ರೆ ಒಂದೂ ತಪ್ಪಿರ್ಲಿಲ್ಲ ನೋಡಿ."

ಅಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಮೊದಲು ಬಂದದ್ದು ಸಿಟ್ಟು. ಇವಳಿಗೆಷ್ಟು ಧೈರ್ಯ! ಕೇಳದೆ, ಹೇಳದೆ, ನನ್ನ ಪರವಾಗಿ ತಾನೇ ತೀರ್ಮಾನ ಮಾಡಿ, ಆಮೇಲೆ ಬೆಳಿಗ್ಗೆ ಎದ್ದು ಬಂದು, ತಲೆ ಕೆಡಿಸ್ಕೋಬೇಡ ನಾನಿದ್ದೀನಲ್ಲ! ನನ್ನನ್ನು ಬಿಟ್ಟರೆ ಇವಳಿಗೆ ಆಗುವುದಿಲ್ಲ, ಅದಕ್ಕೇ ಹಗ್ಗ ಹಾಕಿ ಕಟ್ಟಿಕೊಂಡಿದ್ದಾಳೆ. ಆ ಸಿಟ್ಟಿನ ಬೆನ್ನಿಗೇ, ನಾನೀಗ ಇಲ್ಲಿಗೆ ಅವಳಿಗೆ ಹೇಳಿ ಬಂದಿದ್ದೇನೆಯೇ ಎಂಬುದು ನೆನಪಾಗಿ ಸಿಟ್ಟಿನ ಬಾಲ ಮುದುಡಿತು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಕಿಟಕಿಗೆ ಬಂದು ನಿಂತವರು. ಆದರೆ ಇಬ್ಬರ ಹೆಸರನ್ನೂ ಅವಳೇ ಟೈಪು ಮಾಡಿದಳು ಎಂಬ ಮಾತು ಮಾತ್ರ ಎಲ್ಲೂ ಕೂರದೆ ತಲೆಯೊಳಗೆ ಸುತ್ತುತ್ತಿತ್ತು.

"ಬದಲಾಯಿಸ್ಬಹುದಾ?"

"ಬದಲಾಯಿಸ್ಬಹುದು. ಪ್ರೋಗ್ರಾಮಿಂಗಲ್ಲಿ ಜಾಗ ಇದೆ. ಆದ್ರೆ ನೀವೇ ಮಾಡ್ಬೇಕು, ಅಲ್ಲಿ." ಗುಮಾಸ್ತೆ ಕರವಸ್ತ್ರದ ಉಂಡೆಯಿಂದ ಗೋಡೆಯ ಪಕ್ಕದ ಕಂಪ್ಯೂಟರನ್ನು ತೋರಿಸಿದಳು. "ಮೊದಲು ಅದನ್ನ ರದ್ದು ಮಾಡಿ, ಆಮೇಲೆ ಇದನ್ನ ಆರಿಸಿ. ಎಲ್ಲಾ ಕ್ಲಿಕ್ ಮಾಡೋದಷ್ಟೇ, ಟೈಪ್ ಮಾಡೋದು ಏನೂ ಇಲ್ಲ. ಸುಲಭ."

ಸುಲಭ! ಅಕ್ಕ ಹೋಗಿ ಕೂತಳು. ಕೀಬೋರ್ಡನ್ನು ಯಾರೋ ಹಿಂದಕ್ಕೆ ತಳ್ಳಿದ್ದರು. ಮುಂದೆ, ಬಲಗಡೆ, ಮೌಸ್. ಯಾರದೋ ಕೈಯ ಬೆವರಿಗೆ ಅದರ ಬೆನ್ನು ಹೊಳೆಯುತ್ತಿತ್ತು. ಅವಳ ಹಿಂದೆ ಒಬ್ಬ ಹೆಂಗಸು, ಅವಳ ಹಿಂದೆ ಒಬ್ಬ ಗಂಡಸು ಬಂದು ನಿಂತರು, ಅವರ ಉಸಿರು ಅಕ್ಕನ ಹೆಗಲ ಮೇಲಿದ್ದ ಹಾಗೆ ಅನಿಸಿತು. ಮೌಸ್ ಹಿಡಿದಳು. ಬಾಣ ಹಾರಿ ಮೂಲೆ ಸೇರಿತು. ಕೆಳಕ್ಕೆ ತಂದಳು, ಬೇಕಾದ ಸಾಲನ್ನು ದಾಟಿ ಹೋಯಿತು. ಹತ್ತಿರಕ್ಕೆ ತಂದಳು, ಮತ್ತೆ ದಾಟಿತು. ಮೌಸು ಮೇಜಿನ ಅಂಚಿಗೆ ಬಂದಾಗ ಆ ದಿನದಂತೆಯೇ ಅದನ್ನು ಎತ್ತಿದಳು. ಎತ್ತಿದವಳು ಒಂದು ಕ್ಷಣ ತಡೆದಳು. ಎತ್ತಿದಾಗ ಬಾಣ ಅಲುಗುವುದಿಲ್ಲ. ಅದು ನಿಂತಲ್ಲೇ ನಿಂತಿದೆ. ಹಾಗಾದರೆ ಎತ್ತಿ, ಒಳಕ್ಕೆ ಇಟ್ಟು, ಮತ್ತೆ ನೂಕಬಹುದು. ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಪುಟ್ಟಿ ಕೈ ತೆಗೆದು, ಬಟ್ಟೆಯನ್ನು ಮತ್ತೆ ಹಿಡಿಯುವುದಿಲ್ಲವೇ? ಇಷ್ಟೇ!

"ಮಾಡಿಕೊಡ್ಲಾ?" ಹಿಂದಿನ ಹೆಂಗಸು ಕೇಳಿದಳು. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಬೇಡ. ಸ್ವಲ್ಪ ಹೊತ್ತಾಗುತ್ತೆ. ನಿಂತ್ಕೊಳ್ಳಿ," ಎಂದಳು ಅಕ್ಕ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು.

ಚಿತ್ರ ಮತ್ತು ವಿನ್ಯಾಸ ಎಂಬ ಸಾಲಿನ ಮೇಲೆ ಒತ್ತಿದಳು. ತನ್ನ ಹೆಸರು ಬಂತು. ಅಮ್ಮ ಇಟ್ಟ, ಯಾರೂ ಕರೆಯದ, ಉದ್ದನೆಯ ಹೆಸರು. ಅಷ್ಟು ಅಕ್ಷರಗಳನ್ನೂ ಪುಟ್ಟಿ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಕೂರಿಸಿದ್ದಳು, ಸಾಲು ಬಾಗಿಲವರೆಗೆ ನಿಂತಿದ್ದರೂ. ಇದನ್ನು ರದ್ದು ಮಾಡಬೇಕೇ, ಎಂದು ಒಂದು ಚೌಕ ಎದ್ದು ಕೇಳಿತು. ಕೆಳಗೆ ಹೌದು, ಇಲ್ಲ. ಬಾಣ ಹೌದಿನ ಕಡೆ ಹೋಗುವಾಗ ಬೆರಳು ಮುಂಚೆಯೇ ಒತ್ತಿಬಿಟ್ಟಿತು, ಇಲ್ಲ ಎಂದಾಯಿತು, ಚೌಕ ಮಾಯವಾಯಿತು. ಹಿಂದಿನ ಗಂಡಸು ನಿಟ್ಟುಸಿರು ಬಿಟ್ಟ. ಅಕ್ಕನ ಎದೆ ಧಸಕ್ಕೆನ್ನಲಿಲ್ಲ. ಮತ್ತೆ ಮೊದಲಿಂದ ಸಾಲಿಗೆ ಬಂದಳು, ಒತ್ತಿದಳು, ಚೌಕ ಎದ್ದಿತು, ಅದೇ ಪ್ರಶ್ನೆಯನ್ನು ಅಷ್ಟೇ ತಾಳ್ಮೆಯಿಂದ ಕೇಳಿತು. ಹೌದು. ಆಮೇಲೆ ಪ್ರೋಗ್ರಾಮಿಂಗ್, ಮೊದಲ ಹಂತ. ಹೌದು. ಅವಳು ಎದ್ದು ನಿಂತಾಗ ಅಂಗೈ ಒದ್ದೆಯಾಗಿತ್ತು, ಮನಸ್ಸು ಹಗುರವಾಗಿತ್ತು. ಗುಮಾಸ್ತೆ ಸೀನುವುದರ ನಡುವೆ ಹೆಬ್ಬೆರಳೆತ್ತಿ ತೋರಿಸಿದಳು.

ವಾಪಸು ಬರುವಾಗ ದಾರಿ ಹೇಗೆ ಸವೆಯಿತೋ ತಿಳಿಯಲಿಲ್ಲ. ಅಂಗಡಿಯ ಬಾಗಿಲು ತಳ್ಳುವವರೆಗೂ ಹೇಗೆ ಶುರು ಮಾಡುವುದೆಂದು ಹತ್ತಾರು ಬಗೆಯಲ್ಲಿ ಯೋಚಿಸಿದ್ದಳು. ಪುಟ್ಟಿ ಯಂತ್ರದ ಮುಂದೆಯೇ ಇದ್ದಳು, ಪಕ್ಕದಲ್ಲಿ ಅಕ್ಕನಿಗೆಂದು ತಟ್ಟೆ ಮುಚ್ಚಿಟ್ಟ ಊಟ.

"ಚಾಕ್ ಸಿಕ್ತಾ?"

ಯೋಚಿಸಿದ್ದೆಲ್ಲ ಗಾಳಿಗೆ ಹೋಯಿತು. "ನನ್ನ ಹೆಸರು ಬರೆಸೋಕೆ ನೀನ್ಯಾರೇ?"

ಪೆಡಲಿನ ಮೇಲೆ ಪುಟ್ಟಿಯ ಕಾಲು ನಿಂತಿತು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಓ. ಹೋಗಿ ಬಂದ್ಯಾ?"

"ಒಂದು ಮಾತು ಕೇಳ್ಬಾರ್ದಾ ನನ್ನ?"

"ಕೇಳಿದ್ರೆ ನಿಜ ಹೇಳ್ತಿದ್ಯಾ?" ಪುಟ್ಟಿ ಕುರ್ಚಿಯನ್ನು ಪೂರ್ತಿ ಇತ್ತ ತಿರುಗಿಸಿದಳು. "ನಂಗೆ ಜ್ವರ ಬಂದ ದಿನ ಕ್ಲಾಸಿರ್ಲಿಲ್ಲ ಅಂದ್ಯಲ್ಲ. ಇತ್ತು. ವಾಚ್‌ಮನ್ ಅಜ್ಜ ಮಾರನೇ ವಾರಾನೇ ಎಲ್ಲಾ ಹೇಳಿದ್ರು. ಮೌಸನ್ನ ಗಾಳೀಲಿ ಹಿಡ್ಕೊಂಡು ಕೂತಿದ್ಯಂತೆ. ಮಿಕ್ಕ ಹೊತ್ತೆಲ್ಲ ಸುಮ್ನೆ ಇದ್ಯಂತೆ. ಅಂಗಡೀಲಿ ಹುಲಿ ಥರ ಇರೋವಳು ಅಲ್ಲಿ ಹಾಗೆ ಕೂತಿದ್ದೆ ಅಂತ ಕೇಳಿ ನಂಗೆ ಹೇಗಾಗಿರ್ಬೇಡ? ಪಾಪ ಅಕ್ಕ ಅನ್ನಿಸ್ತು. ಇನ್ನು ಬೇರೆ ರೂಮಿಗೆ ನಿನ್ನ ಒಬ್ಬಳನ್ನೇ ಕಳಿಸಿ ನಾನು ಹೂವು ಬಿಡಿಸ್ತಾ ಕೂತ್ಕೋಬೇಕಾ? ನನ್ನ ಕೈಲಾಗಲ್ಲ. ಅದಕ್ಕೇ ಬರೆಸ್ದೆ. ನನ್ನ ಪಕ್ಕದಲ್ಲೇ ಇದ್ರೆ ಆ ಕಡೆಯಿಂದ ಕೈ ಚಾಚಿ ಒತ್ತಿಕೊಡ್ಬಹುದು ಅಂತ."

ಪಾಪ ಅಕ್ಕ. ಬೆಳಗಿನಿಂದ ತಾನು ಜೋಪಾನವಾಗಿ ಹೊತ್ತು ತಿರುಗುತ್ತಿದ್ದ ಮಾತನ್ನು ಯಾರೋ ಕಸಿದು ತನ್ನ ತಲೆಯ ಮೇಲೇ ಇಟ್ಟ ಹಾಗಾಯಿತು ಅಕ್ಕನಿಗೆ. ಇಷ್ಟು ಹೊತ್ತು ಪುಟ್ಟಿಯ ಬೆನ್ನು ನೋಡಿ ಮರುಗಿದ್ದು ತಾನು. ಆ ಬೆನ್ನಿನ ಆಚೆ, ತನ್ನ ಕಡೆ ತಿರುಗದ ಮುಖದಲ್ಲಿ, ತನಗಾಗಿ ಅಷ್ಟೇ ಮರುಕ ಕೂತಿತ್ತು. ನನ್ನನ್ನು ಬಿಟ್ಟರೆ ಇವಳಿಗೆ ಆಗದು ಎಂಬುದರಲ್ಲಿ ಎಷ್ಟು ಸುಖವಿತ್ತೆಂಬುದು ಈಗ, ಆ ಸುಖ ಕೈತಪ್ಪಿದ ಮೇಲೆ, ಗೊತ್ತಾಯಿತು. ಅವಮಾನವಾಯಿತು. ಮುಖ ಮುಚ್ಚಿಕೊಳ್ಳುವಂಥ ಅವಮಾನ. ಆದರೆ ಅದರ ಅಡಿಯಿಂದ, ತಡೆದರೂ ನಿಲ್ಲದೆ, ನಗು ಏಳುತ್ತಿತ್ತು.

"ನೀನು ಟೈಪ್ ಮಾಡಿದ್ಯಂತೆ. ಎರಡೂ ಹೆಸರು."

"ಮತ್ತೆ? ನಿನ್ನ ಹೆಸರಂತೂ, ಅಬ್ಬಾ, ಮುಗಿಯೋದೇ ಇಲ್ಲ. ಅಮ್ಮ ಯಾಕೆ ಅಷ್ಟುದ್ದ ಇಟ್ಳೋ."

"ನಾನು ಬದಲಾಯಿಸಿ ಬಂದೆ, ಪುಟ್ಟಿ. ಪ್ರೋಗ್ರಾಮಿಂಗಿಗೆ. ಮೌಸ್ ಹಿಡಿದು, ನಾನೇ. ಒಂದು ಸಲ ತಪ್ಪು ಒತ್ತಿದೆ, ಆಮೇಲೆ ಸರಿಹೋಯ್ತು."

ಪುಟ್ಟಿ ಮಡಿಲಲ್ಲಿದ್ದ ಕನ್ನಡಕವನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. "ನಾನು ಬರೆಸದೇ ಇದ್ದಿದ್ರೂ ಹೋಗೋವಳಿದ್ದೆ. ಅಲ್ವಾ? ನಂಗೆ ಹೇಳ್ದೆ."

ಇಲ್ಲ ಎನ್ನುವುದು ಸುಲಭವಿತ್ತು. "ಹೂಂ," ಎಂದಳು ಅಕ್ಕ. "ಹೋಗೋವಳಿದ್ದೆ."

ಪುಟ್ಟಿಯ ಕಣ್ಣು ತುಂಬಿತು. ಅಕ್ಕನಿಗೆ ಹೋಗಿ ಅವಳ ತಲೆ ಸವರಬೇಕೆನಿಸಿತು, ಹೋಗಲಿಲ್ಲ. ಸವರಿದರೆ ಮತ್ತೆ ಪಾಪ ಪುಟ್ಟಿ ಎಂದ ಹಾಗಾಗುತ್ತದೆ ಎಂದು ಹೆದರಿದಳು. ಹೊರಗೆ ಒಂ‍ದು ಬಸ್ಸು ನಿಂತು, ಜನ ಇಳಿದು, ಹೊರಟುಹೋಯಿತು. ಪುಟ್ಟಿ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು, ಯಂತ್ರವನ್ನು ಬಿಟ್ಟು ನೇರವಾಗಿ ಮೇಜಿನ ಹತ್ತಿರ ಬಂದಳು. ಹಸಿರು ಎಲೆಗಳ ಬಟ್ಟೆ, ಅರ್ಧ ಗುರುತು ಮಾಡಿದ್ದು, ಹಾಗೇ ಹಾಸಿತ್ತು. ಅವಳು ಕೈ ಚಾಚಿದಳು.

"ಕತ್ತರಿ ಕೊಡು."

"ಯಾಕೆ?"

"ಒಬ್ಬೊಬ್ಬರೇ ಇರೋದಾದ್ರೆ ಪೂರ್ತಿ ಇರೋಣ. ಕೊಡು. ಅಲ್ಲಿ ಆ ಅಂಚು ಅರ್ಧಕ್ಕೆ ನಿಂತಿದೆ, ನೀನು ಹೋಗಿ ಹೊಲಿ."

ಅಕ್ಕ ಬಟ್ಟೆಯನ್ನು ನೋಡಿದಳು. ಅಂಗಡಿಯಲ್ಲಿ ಈ ಬಟ್ಟೆ ಇದ್ದದ್ದು ಇಷ್ಟೇ, ಇನ್ನೊಂದು ಥಾನು ತರಿಸಬೇಕೆಂದರೆ ಗಿರಾಕಿ ಕಾಯುವುದಿಲ್ಲ. ರದ್ದು ಮಾಡಬೇಕೇ ಎಂದು ಕೇಳುವ ಚೌಕ ಇಲ್ಲಿ ಏಳುವುದಿಲ್ಲ. ಬಾಯಿಗೆ ಬಂದದ್ದು ಬೇಡ ಎಂಬ ಮಾತು. ಅದನ್ನು ನುಂಗಿಕೊಂಡಳು. ಕತ್ತರಿಯನ್ನು ಅದರ ಜಾಗದಿಂದ ತೆಗೆದು, ಅಮ್ಮ ಕೊಡುತ್ತಿದ್ದ ಹಾಗೆ ಹಿಡಿಯನ್ನು ಮುಂದೆ ಮಾಡಿ ಪುಟ್ಟಿಯ ಕೈಗಿಟ್ಟಳು. ಪುಟ್ಟಿಯ ತೋಳು ಅದರ ಭಾರಕ್ಕೆ ಸ್ವಲ್ಪ ಇಳಿಯಿತು. ಅಕ್ಕ ಬಾಯಿ ತೆರೆದಳು.

"ಎಲೆ ತುದಿ ಮೇಲಕ್ಕೆ," ಎಂದಳು ಪುಟ್ಟಿ, ಕನ್ನಡಕ ಏರಿಸಿಕೊಳ್ಳುತ್ತಾ. "ಗೊತ್ತು. ಹೇಳ್ಬೇಡ. ಹೋಗು ಆ ಕಡೆ."

ಅಕ್ಕ ಹೋಗಿ ಯಂತ್ರದ ಮುಂದೆ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಇಲ್ಲಿಂದ ಕಾಣುವುದು ಗೋಡೆ, ಗೋಡೆಯ ಮೇಲೊಂದು ಮೊಳೆ, ಮೊಳೆಗೆ ಸಿಕ್ಕಿಸಿದ ದಾರದ ಉಂಡೆ. ಇಷ್ಟು ವರ್ಷ ಪುಟ್ಟಿ ನೋಡಿಕೊಂಡು ಕೂತದ್ದು ಇದನ್ನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋದಳು, ತಪ್ಪಿತು. ಮತ್ತೆ ಹೋದಳು, ಆಯಿತು. ಹಿಂದೆ ಟೇಪು ಎಳೆದ ಸದ್ದು, ಇನ್ನೊಮ್ಮೆ ಎಳೆದ ಸದ್ದು. ಆಮೇಲೆ ಕತ್ತರಿ ಬಾಯಿ ತೆರೆದದ್ದು ಕೇಳಿಸಿತು. ಅಕ್ಕನ ಕೈ, ಚಾಕ್ ಹಿಡಿದಾಗ ಎಂದೂ ನಡುಗದ ಕೈ, ಬಟ್ಟೆಯ ಮೇಲೆ ನಡುಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟು ಅಂಚು ಹೊಲಿಯತೊಡಗಿದಳು.